ಯಂತ್ರಗಳ ನಡುವೆ ನಾಲ್ವರು

ಪರದೆ ಸರಿಯುತ್ತದೆ. ವೇದಿಕೆಯ ಮೇಲೆ ಸಾಲಾಗಿ ನಾಲ್ಕು ಮೇಜುಗಳು. ಒಂದೊಂದು ಮೇಜಿನ ಹಿಂದೆಯೂ ಒಬ್ಬೊಬ್ಬ ವ್ಯಕ್ತಿ. ನಾಲ್ವರಿಗೂ ಒಂದೇ ಬಗೆಯ, ಮೈಗಂಟಿದ ಉಡುಪು. ಅದರ ಮೇಲೆ ಚೌಕುಳಿಯಾಗಿ ಹೊಳೆಯುವ ಗೆರೆಗಳು. ಬೆನ್ನ ಹಿಂದಿನ ಭಾರಿ ತೆರೆಯ ಮೇಲೆ ಅಂಕಿಗಳು ಹಾರುತ್ತವೆ, ಹೆದ್ದಾರಿ ಓಡುತ್ತದೆ, ರೈಲು ಹಾಯುತ್ತದೆ. ಸಭಿಕರು ಕಾಗದದ 3ಡಿ ಕನ್ನಡಕ ಹಾಕಿಕೊಂಡು ಎವೆಯಿಕ್ಕದೆ ನೋಡುತ್ತಿರುತ್ತಾರೆ. ವೇದಿಕೆಯ ನಾಲ್ವರು ಮಾತ್ರ ಕುಣಿಯುವುದಿಲ್ಲ, ಕೂಗುವುದಿಲ್ಲ, ಸಭಿಕರ ಕುಶಲ ವಿಚಾರಿಸುವುದೂ ಇಲ್ಲ. ಸುಮಾರು ಎರಡು ಗಂಟೆ ಕಾಲ ನಿಂತಲ್ಲೇ ನಿಂತಿರುತ್ತಾರೆ. ಆಗೊಮ್ಮೆ ಈಗೊಮ್ಮೆ ಒಬ್ಬರ ಮಂಡಿ ತಾಳಕ್ಕೆ ಸಣ್ಣಗೆ ಅಲುಗಿದರೆ ಅದೇ ದೊಡ್ಡ ಚಲನೆ.

ಇದು ಜರ್ಮನಿಯ 'ಕ್ರಾಫ್ಟ್‌ವೆರ್ಕ್' ತಂಡದ ಕಛೇರಿ. ಎಲೆಕ್ಟ್ರಾನಿಕ್ ಸಂಗೀತವನ್ನು ಪ್ರಯೋಗಶಾಲೆಯಿಂದ ಜನಸಾಮಾನ್ಯರ ಕಿವಿಗೆ ತಲುಪಿಸಿದವರಲ್ಲಿ ಮೊದಲ ಸಾಲಿನ ಹೆಸರು. ಅವರ ಕಛೇರಿಯ ಚಿತ್ರವೊಂದು ನನ್ನ ಮೇಜಿನ ಮೇಲಿದ್ದುದನ್ನು ಕಂಡ ಹಿರಿಯ ಸಹೋದ್ಯೋಗಿಯೊಬ್ಬರು, "ಏನಯ್ಯಾ ಇದು, ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತರು ನಿಂತ ಹಾಗಿದೆ?" ಎಂದರು. ಕಛೇರಿ ಎಂದು ಹೇಳಿದೆ. "ಎಲ್ಲಾ ಮೆಷಿನ್ನೇ ನುಡಿಸೋದಾದರೆ ಇವರಿಗೇನು ಕೆಲಸ? ಜನ ದುಡ್ಡು ಕೊಟ್ಟು ನೋಡೋದಾದರೂ ಏನನ್ನ?" ಎಂಬುದು ಅವರ ಮರುಪ್ರಶ್ನೆ.

ಪ್ರಶ್ನೆ ತಮಾಷೆಯದಲ್ಲ. ಹಾಸ್ಟೆಲ್ ಕೋಣೆಯಲ್ಲಿ ಗೆಳೆಯನೊಬ್ಬ ಕೇಳಿಸಿದ ದಿನದಿಂದ ಈ ತಂಡ ನನಗೆ ಅಚ್ಚುಮೆಚ್ಚು. ಆದರೂ ಅಂದು ಥಟ್ಟನೆ ಉತ್ತರ ಹೊಳೆಯಲಿಲ್ಲ. ತಂಡವೇ ಹೊರತಂದಿರುವ ಕಛೇರಿಯ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ, ಅದರ ಅರ್ಧ ಶತಮಾನದ ನಡೆಯನ್ನು ಓದಿಕೊಂಡ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಸಹೋದ್ಯೋಗಿ ಕೇಳಿದ ಪ್ರಶ್ನೆಯನ್ನು ಈ ತಂಡ ತನಗೆ ತಾನೇ 1970ರ ದಶಕದಿಂದಲೂ, ಅದೂ ವೇದಿಕೆಯ ಮೇಲೆಯೇ, ಕೇಳಿಕೊಳ್ಳುತ್ತ ಬಂದಿದೆ.

ಹೆಸರೇ ವಿದ್ಯುತ್ ಸ್ಥಾವರ

ಜರ್ಮನ್ ಭಾಷೆಯಲ್ಲಿ 'ಕ್ರಾಫ್ಟ್‌ವೆರ್ಕ್' ಎಂದರೆ ವಿದ್ಯುತ್ ಸ್ಥಾವರ. 1970ರಲ್ಲಿ ಡ್ಯುಸೆಲ್‌ಡಾರ್ಫ್ ನಗರದಲ್ಲಿ ತಂಡ ಕಟ್ಟಿದವರು ರಾಲ್ಫ್ ಹ್ಯುಟ್ಟರ್ ಮತ್ತು ಫ್ಲೋರಿಯನ್ ಷ್ನೈಡರ್. ಹ್ಯುಟ್ಟರ್ ಕೀಬೋರ್ಡ್ ವಾದಕ, ಷ್ನೈಡರ್ ಕೊಳಲು ವಾದಕ. ಇಬ್ಬರೂ ಶಾಸ್ತ್ರೀಯ ಸಂಗೀತ ಕಲಿತವರು, ಅನುಕೂಲಸ್ಥ ಮನೆತನದವರು. ಷ್ನೈಡರ್ ಅವರ ತಂದೆ ಪಾಲ್ ಷ್ನೈಡರ್-ಎಸ್ಲೆಬೆನ್ ಕಲೋನ್-ಬಾನ್ ವಿಮಾನ ನಿಲ್ದಾಣದ ವಿನ್ಯಾಸ ಮಾಡಿದ ಹೆಸರಾಂತ ವಾಸ್ತುಶಿಲ್ಪಿ.

ಇಬ್ಬರೂ ಎರಡನೇ ಮಹಾಯುದ್ಧ ಮುಗಿದ ಮರುವರ್ಷಗಳಲ್ಲಿ ಹುಟ್ಟಿದವರು. ಅವರ ಪೀಳಿಗೆಗೆ ಒಂದು ವಿಚಿತ್ರ ಇಕ್ಕಟ್ಟಿತ್ತು. ಹಿಂದಿನವರ ಸಂಸ್ಕೃತಿಯ ಮೇಲೆ ನಾಜಿ ಕಾಲದ ಮಸಿ ಬಿದ್ದಿತ್ತು. ಎದುರಿಗಿದ್ದುದು ಅಮೆರಿಕ ಮತ್ತು ಬ್ರಿಟನ್ನಿನಿಂದ ಬಂದ ರಾಕ್ ಸಂಗೀತ. ಅದನ್ನು ಅನುಕರಿಸಿದರೆ ಎರವಲು ಮಾಲು. ಹಾಗಾದರೆ ತಮ್ಮದೆನ್ನುವ ಸದ್ದು ಯಾವುದು? ರೂರ್ ಕಣಿವೆಯ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿರುವ ಊರಿನಲ್ಲಿ ಕಿವಿಗೆ ಬೀಳುತ್ತಿದ್ದುದು ಕಾರ್ಖಾನೆ, ರೈಲು, ಹೆದ್ದಾರಿಗಳ ಸದ್ದು. ಪಕ್ಕದ ಕಲೋನ್‌ನಲ್ಲಿ 1950ರ ದಶಕದ ಆರಂಭದಿಂದಲೇ ರೇಡಿಯೊ ಕೇಂದ್ರದ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ಇತ್ತು. ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸನ್ ಅಲ್ಲಿ ಪ್ರಯೋಗ ನಡೆಸಿದ್ದರು. ಆ ಪಂಡಿತರ ಪ್ರಯೋಗವನ್ನು ದಾರಿಹೋಕನೂ ಗುನುಗುವ ಹಾಗೆ ಮಾಡಬಹುದೇ ಎಂಬುದು ಈ ಗೆಳೆಯರ ಹುಡುಕಾಟವಾಯಿತು.

ಡ್ಯುಸೆಲ್‌ಡಾರ್ಫಿನ ರೈಲು ನಿಲ್ದಾಣದ ಬಳಿ ಅವರು ಒಂದು ಜಾಗ ಹಿಡಿದು 'ಕ್ಲಿಂಗ್ ಕ್ಲಾಂಗ್' ಎಂಬ ಸ್ಟುಡಿಯೊ ಮಾಡಿಕೊಂಡರು. 1974ರಲ್ಲಿ ಬಂದ 'ಆಟೋಬಾನ್' ಧ್ವನಿಮುದ್ರಿಕೆ ಹೆಸರು ತಂದಿತು. ಆಟೋಬಾನ್ ಎಂದರೆ ಜರ್ಮನಿಯ ಹೆದ್ದಾರಿ. ಕಾರಿನ ಪ್ರಯಾಣವನ್ನೇ ಸಂಗೀತವಾಗಿಸಿದ ಈ ರಚನೆ 22 ನಿಮಿಷಕ್ಕೂ ದೀರ್ಘ. ಅದನ್ನು ಮೂರೂವರೆ ನಿಮಿಷಕ್ಕೆ ಮೊಟಕುಗೊಳಿಸಿದ ಆವೃತ್ತಿ ಅಮೆರಿಕದ ರೇಡಿಯೊಗಳಲ್ಲಿ ಮೊಳಗಿತು. 1975ರಲ್ಲಿ ತಂಡ ಅಮೆರಿಕ ಪ್ರವಾಸಕ್ಕೆ ಹೊರಟಿತು. ಆ ಹೊತ್ತಿಗೆ ವುಲ್ಫ್‌ಗಾಂಗ್ ಫ್ಲ್ಯೂರ್ ಮತ್ತು ಕಾರ್ಲ್ ಬಾರ್ಟೋಸ್ ಸೇರಿ ತಂಡ ನಾಲ್ವರದಾಗಿತ್ತು. ಉದ್ದ ಕೂದಲು, ಹರಿದ ಪ್ಯಾಂಟು ರಾಕ್ ಸಂಗೀತಗಾರರ ಲಾಂಛನವಾಗಿದ್ದ ಕಾಲ ಅದು. ಇವರು ಕೂದಲು ಕತ್ತರಿಸಿ, ಸೂಟು ತೊಟ್ಟು ಬಂದರು. ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳದೆ 'ಸಂಗೀತ ಕಾರ್ಮಿಕರು' ಎಂದು ಹೇಳಿಕೊಂಡರು.

ಕಡ್ಡಿ ತಾಗಿದರೆ ಡೋಲು

ಅಂದಿನ ಯಂತ್ರಗಳು ಹೇಗಿದ್ದವು ಎಂಬುದನ್ನು ತಿಳಿಯದೆ ಈ ಕಛೇರಿಯ ಸ್ವಾರಸ್ಯ ತಿಳಿಯದು. ಯಂತ್ರವೆಂದರೆ ಗುಂಡಿ ಒತ್ತಿ ಕೈಕಟ್ಟಿ ನಿಲ್ಲುವುದು ಎಂಬ ನಮ್ಮ ಕಲ್ಪನೆ ಆ ಕಾಲಕ್ಕೆ ಸಲ್ಲುವುದಿಲ್ಲ.

ಮೊದಲನೆಯದು ಸಿಂಥಸೈಸರ್. ವೀಣೆಯಲ್ಲಿ ತಂತಿ ಕಂಪಿಸುತ್ತದೆ, ಕೊಳಲಿನಲ್ಲಿ ಗಾಳಿ ಕಂಪಿಸುತ್ತದೆ. ಸಿಂಥಸೈಸರಿನಲ್ಲಿ ಕಂಪಿಸುವುದು ವಿದ್ಯುತ್ತು. ಆ ಕಂಪನದ ವೇಗ ಹೆಚ್ಚಿಸಿದರೆ ಶ್ರುತಿ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ಅದನ್ನು ಸೋಸುವ ಇನ್ನೊಂದು ಮಂಡಲವನ್ನು ತಿರುಗಿಸಿದರೆ ನಾದ ಮೊನಚಾಗುತ್ತದೆ ಅಥವಾ ಮಂದವಾಗುತ್ತದೆ. ಕೊನೆಗೆ ಧ್ವನಿವರ್ಧಕದ ಮೂಲಕ ಅದು ಗಾಳಿಯ ಅಲೆಯಾಗಿ ಕಿವಿಗೆ ಬರುತ್ತದೆ. 'ಆಟೋಬಾನ್'ನಲ್ಲಿ ಬಳಸಿದ ಮಿನಿಮೂಗ್‌ನಂಥ ವಾದ್ಯಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಹತ್ತಾರು ತಿರುಪುಗಳನ್ನು ಕೈಯಿಂದಲೇ ಹೊಸದಾಗಿ ಹೊಂದಿಸಬೇಕಿತ್ತು. ಸಾಲದ್ದಕ್ಕೆ ಬಿಸಿಯೇರಿದರೆ ಶ್ರುತಿ ಜಾರುತ್ತಿತ್ತು. ಕಛೇರಿಯ ನಡುವೆ ಮೃದಂಗದವರು ಕಲ್ಲು ಹಿಡಿದು ಶ್ರುತಿ ಸರಿಮಾಡಿಕೊಳ್ಳುವುದನ್ನು ನಾವು ನೋಡಿಲ್ಲವೇ? ವೇದಿಕೆಯ ದೀಪಗಳ ಝಳದಲ್ಲಿ ಈ ವಿದ್ಯುತ್ ವಾದ್ಯಗಳ ಪಾಡೂ ಅದೇ ಆಗಿತ್ತು.

ಎರಡನೆಯದು ಡ್ರಮ್. ಕ್ರಾಫ್ಟ್‌ವೆರ್ಕ್‌ನವರು ಚರ್ಮದ ಡ್ರಮ್ಮನ್ನು ಬದಿಗಿಟ್ಟು, ಹಲಗೆಯೊಂದರ ಮೇಲೆ ಲೋಹದ ಬಿಲ್ಲೆಗಳನ್ನು ಕೂರಿಸಿದರು. ತಂತಿ ಜೋಡಿಸಿದ ಲೋಹದ ಕಡ್ಡಿ ಬಿಲ್ಲೆಗೆ ತಾಗಿದೊಡನೆ ವಿದ್ಯುತ್ ಮಂಡಲ ಪೂರ್ಣಗೊಂಡು ಡ್ರಮ್ಮಿನ ಸದ್ದು ಬರುತ್ತಿತ್ತು. ಸ್ವೆಟರ್ ಹೆಣೆಯುವ ಕಡ್ಡಿಯಂಥ ಕಡ್ಡಿ ಹಿಡಿದು, ತಟ್ಟೆ ಮುಟ್ಟಿದ ಹಾಗೆ ಮುಟ್ಟುತ್ತಿದ್ದ ವಾದಕರನ್ನು ಕಂಡು ಅಂದಿನ ಸಭಿಕರು ಬೆರಗಾದರು. ಮುಂದೆ ಕೈ ಬೀಸಿ ಬೆಳಕಿನ ಕಿರಣವನ್ನು ತಡೆದರೆ ಸದ್ದಾಗುವಂಥ ಒಂದು ಪಂಜರವನ್ನೂ ಮಾಡಿ ವೇದಿಕೆಯಲ್ಲಿ ನಿಲ್ಲಿಸಿದರು. ಅದು ಹೇಳಿದ ಮಾತು ಸರಿಯಾಗಿ ಕೇಳಲಿಲ್ಲವಾಗಿ ಬಹಳ ದಿನ ಬಾಳಲಿಲ್ಲ.

ಮೂರನೆಯದು ಸೀಕ್ವೆನ್ಸರ್. ಸಂಗೀತ ಪಾಠದ ಮಕ್ಕಳು ಒಂದೇ ಸರಳೆಯನ್ನು ಮತ್ತೆ ಮತ್ತೆ ಹಾಡುವಂತೆ, ಕೊಟ್ಟ ಸ್ವರಗಳ ಸಾಲನ್ನು ಬೇಸರವಿಲ್ಲದೆ, ಲಯ ತಪ್ಪದೆ ನುಡಿಸುತ್ತಲೇ ಇರುವ ಉಪಕರಣ ಇದು. 1977ರ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್' ಧ್ವನಿಮುದ್ರಿಕೆಯ ರೈಲಿನ ಓಟದ ಹಿಂದೆ ಇದರ ದುಡಿಮೆ ಇದೆ.

ನಾಲ್ಕನೆಯದು ಮನುಷ್ಯನ ದನಿಯನ್ನು ಯಂತ್ರದ ದನಿಯಾಗಿಸುವ ವೊಕೋಡರ್. ಇದನ್ನು ರೂಪಿಸಿದ್ದು ಸಂಗೀತಕ್ಕಾಗಿ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ಎಂಬ ಎಂಜಿನಿಯರ್ ದೂರವಾಣಿ ಸಂಭಾಷಣೆಯನ್ನು ಕಿರಿದುಗೊಳಿಸಿ ಕಳಿಸುವ ಉಪಾಯ ಹುಡುಕುತ್ತಿದ್ದರು. ಯುದ್ಧಕಾಲದಲ್ಲಿ ಅದೇ ತಂತ್ರ ವಾಷಿಂಗ್ಟನ್ ಮತ್ತು ಲಂಡನ್ ನಡುವಿನ ರಹಸ್ಯ ಮಾತುಕತೆಗೆ ಒದಗಿತು. ಶತ್ರುವಿನ ಕಿವಿ ತಪ್ಪಿಸಲು ಬಳಕೆಯಾದ ತಂತ್ರ ಮೂರು ದಶಕಗಳ ನಂತರ ಜರ್ಮನ್ ಸಂಗೀತಗಾರರ ಕೈಯಲ್ಲಿ ರೋಬಾಟಿನ ಗಾಯನವಾದದ್ದು ಇತಿಹಾಸದ ಒಂದು ವಿನೋದ.

ಸ್ಟುಡಿಯೊವೇ ವೇದಿಕೆಗೆ

ಯಂತ್ರಗಳು ಸ್ಟುಡಿಯೊದಲ್ಲಿ ಹೇಳಿದಂತೆ ಕೇಳಿದರೂ ಪ್ರವಾಸದಲ್ಲಿ ಮುನಿಯುತ್ತಿದ್ದವು. ಊರಿಂದೂರಿಗೆ ಸಾಗಿಸುವಾಗ ತಂತಿ ಬಿಡುತ್ತಿತ್ತು, ವಿದ್ಯುತ್ತಿನ ಏರಿಳಿತ ಕಾಡುತ್ತಿತ್ತು. 1976ರ ಪ್ರವಾಸದ ನಂತರ ತಂಡ ಐದು ವರ್ಷ ಕಛೇರಿ ಪ್ರವಾಸವನ್ನೇ ಕೈಗೊಳ್ಳಲಿಲ್ಲ. 1978ರಲ್ಲಿ 'ದಿ ಮ್ಯಾನ್-ಮಷೀನ್' ಬಂದಾಗ ಪತ್ರಕರ್ತರ ಮುಂದೆ ತಮ್ಮದೇ ಮುಖದ ನಾಲ್ಕು ಗೊಂಬೆಗಳನ್ನು ನಿಲ್ಲಿಸಿದರು. ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸುತ್ತಾರಲ್ಲ, ಅಂಥ ಗೊಂಬೆಗಳು. ನಾವು ಬರದಿದ್ದರೂ ನಡೆಯುತ್ತದಲ್ಲ ಎಂಬ ಕುಚೋದ್ಯ ಅದರಲ್ಲಿತ್ತು.

1981ರಲ್ಲಿ ಅವರು ಕಂಡುಕೊಂಡ ಪರಿಹಾರ ಭಾರಿಯದು. ಸ್ಟುಡಿಯೊವನ್ನು ಬಿಟ್ಟು ಹೋಗುವುದೇಕೆ, ಅದನ್ನೇ ಹೊತ್ತೊಯ್ಯೋಣ ಎಂದರು. 'ಕ್ಲಿಂಗ್ ಕ್ಲಾಂಗ್'ನ ಉಪಕರಣಗಳನ್ನೆಲ್ಲ ಬಿಡಿಸಿ ಜೋಡಿಸಬಹುದಾದ ಕಪಾಟುಗಳಲ್ಲಿ ಕೂರಿಸಿ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ವೇದಿಕೆಯ ಮೇಲೆ ನಿಲ್ಲಿಸಿದರು. ಅದೇ ವರ್ಷ ಹೊರಬಂದಿದ್ದ 'ಕಂಪ್ಯೂಟರ್ ವರ್ಲ್ಡ್' ಧ್ವನಿಮುದ್ರಿಕೆ ಬ್ಯಾಂಕು, ಪೊಲೀಸು, ಮನೆಗಳಲ್ಲೆಲ್ಲ ಕಂಪ್ಯೂಟರ್ ಹೊಕ್ಕುವ ದಿನಗಳನ್ನು ಮುಂಗಂಡು ಮಾಡಿದ್ದು. ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು ಆ ಧ್ವನಿಮುದ್ರಿಕೆಯ ನಂತರ, ಆಗಸ್ಟ್ ತಿಂಗಳಲ್ಲಿ ಎಂಬುದನ್ನು ನೆನೆದರೆ ಅದರ ದೂರದೃಷ್ಟಿ ಅರ್ಥವಾಗುತ್ತದೆ. ಈ ಪ್ರವಾಸ ಯುರೋಪ್, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸುತ್ತಿ ನಮ್ಮ ಮುಂಬೈಗೂ ಬಂದಿತ್ತು ಎಂದರೆ ಓದುಗರಿಗೆ ಅಚ್ಚರಿಯಾಗಬಹುದು. ದೂರದರ್ಶನದಲ್ಲಿ ಬಣ್ಣ ಬರುವುದಕ್ಕೂ ಮುಂಚೆ, ಮುಂಬೈಯ ಜನ ಈ ಕಂಪ್ಯೂಟರ್ ಹಾಡುಗಳನ್ನು ಎದುರಾಎದುರು ಕೇಳಿದ್ದರು.

ಆ ಪ್ರವಾಸದ ಒಂದು ದೃಶ್ಯ ಈ ಲೇಖನದ ಮಟ್ಟಿಗೆ ಮುಖ್ಯ. 'ಪಾಕೆಟ್ ಕ್ಯಾಲ್ಕುಲೇಟರ್' ಹಾಡು ಬಂದಾಗ ನಾಲ್ವರೂ ತಮ್ಮ ಜಾಗ ಬಿಟ್ಟು, ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಉಪಕರಣಗಳನ್ನು ಹಿಡಿದು ವೇದಿಕೆಯ ಅಂಚಿಗೆ ಬರುತ್ತಿದ್ದರು. ಮುಂದಿನ ಸಾಲಿನ ಸಭಿಕರತ್ತ ಬಾಗಿ ಉಪಕರಣ ಚಾಚುತ್ತಿದ್ದರು. ಸಭಿಕರು ಗುಂಡಿ ಒತ್ತುತ್ತಿದ್ದರು. ಯಾರೋ ಅಪರಿಚಿತರ ಬೆರಳಿನಿಂದ ಹುಟ್ಟಿದ ಆ ಕೀಚಲು ಸ್ವರ ಧ್ವನಿವರ್ಧಕಗಳಲ್ಲಿ ಮೊಳಗಿ ಹಾಡಿನೊಳಗೆ ಸೇರಿಹೋಗುತ್ತಿತ್ತು.

ಸ್ವಲ್ಪ ಯೋಚಿಸಿ ನೋಡಿ. ಪಿಟೀಲು ವಿದ್ವಾಂಸರು ಕಛೇರಿಯ ನಡುವೆ ತಮ್ಮ ವಾದ್ಯವನ್ನು ಸಭಿಕರ ಕೈಗೆ ಕೊಡಲಾರರು. ಕೊಟ್ಟರೂ ಹೊರಡುವುದು ಅಪಸ್ವರವೇ. ವರ್ಷಗಟ್ಟಲೆ ಸಾಧನೆ ಮಾಡಿದವನಿಗೂ ಮಾಡದವನಿಗೂ ನಡುವೆ ಆ ವಾದ್ಯ ಒಂದು ಗೋಡೆ. ಯಂತ್ರ ಆ ಗೋಡೆಯನ್ನು ತಗ್ಗಿಸಿತು. ಇದರಲ್ಲಿ ಸಂತೋಷವೂ ಇದೆ, ಭಯವೂ ಇದೆ.

ಹೊಟ್ಟೆಪಾಡಿನ ಪ್ರಶ್ನೆ

ಭಯ ಸುಳ್ಳಲ್ಲ. ಮುಂಬೈ ಕಛೇರಿಯ ಮರುವರ್ಷ, 1982ರಲ್ಲಿ, ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಸರ್ ಮತ್ತು ಡ್ರಮ್ ಯಂತ್ರಗಳ ಬಳಕೆಯನ್ನು ನಿಷೇಧಿಸಬೇಕೆಂದು ಒತ್ತಾಯಿಸಿತು. ಜನಪ್ರಿಯ ಗಾಯಕರೊಬ್ಬರ ಪ್ರವಾಸದಲ್ಲಿ ವಾದ್ಯವೃಂದದ ಜಾಗಕ್ಕೆ ಸಿಂಥಸೈಸರ್ ಬಂದದ್ದೇ ಈ ಕೂಗಿಗೆ ಕಿಡಿ. ನಿಷೇಧ ಜಾರಿಗೆ ಬರಲಿಲ್ಲ. ಆದರೆ ಹತ್ತು ಜನ ಪಿಟೀಲು ವಾದಕರ ಸಂಬಳವನ್ನು ಒಂದು ಕೀಬೋರ್ಡ್ ನುಂಗಬಲ್ಲದು ಎಂಬ ಅವರ ಲೆಕ್ಕ ತಪ್ಪಾಗಿರಲಿಲ್ಲ. ನಮ್ಮ ಚಲನಚಿತ್ರ ಸಂಗೀತದ ಧ್ವನಿಮುದ್ರಣದಲ್ಲೂ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲೂ ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಬಂದ ಮೇಲೆ ಏನಾಯಿತೆಂದು ವಾದ್ಯಗಾರರನ್ನು ಕೇಳಿದರೆ ಇದೇ ಕಥೆ ಹೇಳುತ್ತಾರೆ.

ಹಾಗೆ ನೋಡಿದರೆ ನಮ್ಮ ಶಾಸ್ತ್ರೀಯ ಸಂಗೀತದ ವೇದಿಕೆಗೂ ಯಂತ್ರ ಹೊಸದಲ್ಲ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿ 'ರಾಡೆಲ್' ಹೆಸರಿನಲ್ಲಿ ಸಂಗೀತಗಾರರ ಕೈಗಿತ್ತದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ, 1970ರ ದಶಕದ ಕೊನೆಯಲ್ಲಿ. ಅವರೂ ಕೊಳಲು ವಾದಕರು. ಡ್ಯುಸೆಲ್‌ಡಾರ್ಫಿನ ಷ್ನೈಡರ್ ಅವರಂತೆ ಬೆಂಗಳೂರಿನ ಕೊಳಲು ವಾದಕರೂ ವಿದ್ಯುತ್ ಮಂಡಲದತ್ತ ತಿರುಗಿದ್ದು ಕಾಕತಾಳೀಯವಾದರೂ ಕುತೂಹಲಕರ. ಇಂದು ಎಷ್ಟೋ ಕಛೇರಿಗಳಲ್ಲಿ ಹಿಂದೆ ಕುಳಿತು ತಂಬೂರಿ ಮೀಟುವ ಶಿಷ್ಯರ ಜಾಗದಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಶ್ರುತಿ ಜಾರದು, ಬೆರಳು ಸೋಲದು ಎಂಬುದು ಅನುಕೂಲ. ಗುರುವಿನ ಬೆನ್ನ ಹಿಂದೆ ಗಂಟೆಗಟ್ಟಲೆ ಕುಳಿತು ಕೇಳುತ್ತ ಕೇಳುತ್ತಲೇ ಕಲಿಯುತ್ತಿದ್ದ ಒಂದು ದಾರಿ ಸವೆಯಿತು ಎಂಬುದು ನಷ್ಟ. ಎರಡೂ ನಿಜ.

ಬಹುಪಾಲು ವೇದಿಕೆಗಳಲ್ಲಿ ಇಂಥ ಪೆಟ್ಟಿಗೆಯನ್ನು ಮರೆಯಲ್ಲಿ ಇಡುತ್ತಾರೆ. ಪಾಪ್ ಗಾಯಕರ ಕಛೇರಿಗಳಲ್ಲಿ ಮೊದಲೇ ಮುದ್ರಿಸಿದ ಸಂಗೀತ ತೆರೆಮರೆಯಿಂದ ಹರಿಯುತ್ತದೆ, ಮುಂದೆ ಗಿಟಾರ್ ಹಿಡಿದವರು ಬೆವರು ಸುರಿಸುತ್ತಾರೆ. ಕ್ರಾಫ್ಟ್‌ವೆರ್ಕ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಯಂತ್ರವನ್ನು ಮುಂದಿಟ್ಟು ತಾವು ಅದರ ಹಿಂದೆ ನಿಂತರು. 1991ರ ಪ್ರವಾಸದ ಹೊತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ದಿ ರೋಬಾಟ್ಸ್' ಹಾಡಿಗೆ ವೇದಿಕೆಯನ್ನೇ ಖಾಲಿ ಮಾಡಿದರು. ಮನುಷ್ಯರಿಲ್ಲದ ವೇದಿಕೆಯಲ್ಲಿ ಮೋಟಾರು ಜೋಡಿಸಿದ ನಾಲ್ಕು ರೋಬಾಟುಗಳು ನಿಧಾನವಾಗಿ ತೋಳೆತ್ತಿ, ಕತ್ತು ತಿರುಗಿಸಿದವು. ಸಭಿಕರು ಚಪ್ಪಾಳೆ ತಟ್ಟಿದರು. ನೀವು ಯಾರಿಗಾಗಿ ಚಪ್ಪಾಳೆ ತಟ್ಟುತ್ತಿದ್ದೀರಿ ಎಂಬ ಪ್ರಶ್ನೆಯನ್ನು ಸಭಿಕರ ಎದುರಿಗೇ ಇಟ್ಟ ಹಾಗಾಯಿತು.

ಹಾಗಾದರೆ ಜೀವಂತ ಯಾವುದು?

21ನೇ ಶತಮಾನದ ಆರಂಭದಲ್ಲಿ ಆ ಕಪಾಟುಗಳೆಲ್ಲ ಮಾಯವಾಗಿ ನಾಲ್ಕು ಲ್ಯಾಪ್‌ಟಾಪ್‌ಗಳು ಬಂದವು. ಸ್ಟುಡಿಯೊ ಸೂಟ್‌ಕೇಸಿಗೆ ಇಳಿಯಿತು. ತಂಡ ಮತ್ತೆ ಲೋಕ ಸುತ್ತತೊಡಗಿತು. ಸಹೋದ್ಯೋಗಿಯ ಪ್ರಶ್ನೆ ಹರಿತವಾಗುವುದೂ ಇಲ್ಲಿಯೇ. ಎಲ್ಲವೂ ಕಂಪ್ಯೂಟರಿನಲ್ಲಿರುವಾಗ ಅವರು ಮಾಡುವುದೇನು?

ಹ್ಯುಟ್ಟರ್ ಎದುರಿಗೇ ಹಾಡುತ್ತಾರೆ, ಮುಖ್ಯ ರಾಗದ ಸ್ವರಗಳನ್ನು ಕೀಬೋರ್ಡಿನಲ್ಲಿ ನುಡಿಸುತ್ತಾರೆ. ಉಳಿದವರು ಲಯದ ಪದರಗಳನ್ನು ಸೇರಿಸುವುದು, ಕಳೆಯುವುದು, ನಾದದ ಬಣ್ಣ ಬದಲಿಸುವುದು ಮಾಡುತ್ತಾರೆ. ಒಬ್ಬರ ಹೊಣೆ ತೆರೆಯ ಮೇಲಿನ ದೃಶ್ಯಗಳು. ಅಡುಗೆಯ ಸಾಮಾನು ಹೆಚ್ಚಿಟ್ಟು ಸಿದ್ಧವಾಗಿರುತ್ತದೆ, ಒಗ್ಗರಣೆ ಮಾತ್ರ ಬಡಿಸುವಾಗ ಎನ್ನಬಹುದು. ಒಗ್ಗರಣೆ ಅಷ್ಟು ಸಣ್ಣ ಸಂಗತಿಯೇನಲ್ಲ ಎಂಬುದು ಉಂಡವರಿಗೆ ಗೊತ್ತು.

ಆದರೆ ಉತ್ತರ ಇಷ್ಟರಲ್ಲೇ ಮುಗಿಯುವುದಿಲ್ಲ. ಮನೆಯಲ್ಲಿ ಕೇಳುವ ಧ್ವನಿಮುದ್ರಿಕೆ ಒಮ್ಮೆ ಮುಗಿದ ಕೆಲಸ. ಅದು ಇನ್ನು ಬದಲಾಗದು. ಕಛೇರಿಯಲ್ಲಿ ಅದೇ ಹಾಡು ಆ ದಿನಕ್ಕೆ, ಆ ಊರಿಗೆ ಜವಾಬು ಕೊಡಬೇಕಾಗುತ್ತದೆ. ಮೂರು ಉದಾಹರಣೆ ಸಾಕು.

1975ರ 'ರೇಡಿಯೊ-ಆಕ್ಟಿವಿಟಿ' ಹಾಡು ರೇಡಿಯೊ ತರಂಗ ಮತ್ತು ವಿಕಿರಣ ಎರಡನ್ನೂ ಒಂದೇ ಪದದಲ್ಲಿ ಆಡಿಸಿದ ಶ್ಲೇಷೆ. ಪರವೂ ಇಲ್ಲ, ವಿರೋಧವೂ ಇಲ್ಲ. ಆದರೆ 1986ರಲ್ಲಿ ಚೆರ್ನೋಬಿಲ್ ದುರಂತ ನಡೆಯಿತು. 1991ರಲ್ಲಿ ತಂಡ ಆ ಹಾಡನ್ನು ತಿದ್ದಿ, ವಿಕಿರಣ ನಿಲ್ಲಿಸಿ ಎಂಬ ಕರೆಯನ್ನೂ ದುರಂತ ಕಂಡ ಊರುಗಳ ಹೆಸರನ್ನೂ ಸೇರಿಸಿತು. 1992ರಲ್ಲಿ ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣು ಸ್ಥಾವರದ ವಿರುದ್ಧ ಮ್ಯಾಂಚೆಸ್ಟರಿನಲ್ಲಿ ಗ್ರೀನ್‌ಪೀಸ್ ಏರ್ಪಡಿಸಿದ ಕಛೇರಿಯಲ್ಲಿ ಭಾಗವಹಿಸಿತು. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರ ಸಿಡಿಯಿತು. ಮರುವರ್ಷ ಜುಲೈನಲ್ಲಿ ಟೋಕಿಯೊ ಸಮೀಪದ ಅಣುವಿರೋಧಿ ಕಛೇರಿಯಲ್ಲಿ ಅದೇ ಹಾಡಿಗೆ ಫುಕುಶಿಮಾದ ಹೆಸರು ಸೇರಿತು, ಜಪಾನಿ ಭಾಷೆಯ ಮಾತುಗಳು ಬಂದವು. ಆ ಮಾತುಗಳಿಗೆ ನೆರವಾದವರು ಜಪಾನಿನ ಎಲೆಕ್ಟ್ರಾನಿಕ್ ಸಂಗೀತದ ಹಿರಿಯ ರ್ಯುಯಿಚಿ ಸಾಕಾಮೊಟೊ. 37 ವರ್ಷ ಹಳೆಯ ಹಾಡು ಆ ಸಂಜೆ ಅಲ್ಲಿ ಕುಳಿತವರ ಮನೆಯ ಸುದ್ದಿಯಾಯಿತು. ಇದನ್ನು ಟೇಪು ಮಾಡಲಾರದು, ಮನುಷ್ಯರು ನಿರ್ಧರಿಸಬೇಕು.

ಎರಡನೆಯದು 2009ರ ಜುಲೈನಲ್ಲಿ ಮ್ಯಾಂಚೆಸ್ಟರಿನ ಸೈಕಲ್ ಪಂದ್ಯದ ಒಳಾಂಗಣದಲ್ಲಿ ನಡೆದ ಕಛೇರಿ. ಹ್ಯುಟ್ಟರ್ ಸೈಕಲ್ ಸವಾರಿಯ ಕಟ್ಟಾ ಅಭಿಮಾನಿ. 1983ರಲ್ಲಿ ತಂಡ 'ಟೂರ್ ದ ಫ್ರಾನ್ಸ್' ಎಂಬ ಹಾಡನ್ನೇ ಹೊರತಂದಿತ್ತು. ಏದುಸಿರು ಮತ್ತು ಸರಪಳಿಯ ಸದ್ದೇ ಅದರ ತಾಳ. ಮ್ಯಾಂಚೆಸ್ಟರಿನಲ್ಲಿ ಆ ಹಾಡು ಆರಂಭವಾದಾಗ ಬ್ರಿಟನ್ ತಂಡದ ನಾಲ್ವರು ಸೈಕಲ್ ಪಟುಗಳು ಓಟದ ಪಥಕ್ಕೆ ಇಳಿದು ಸಭಿಕರ ಸುತ್ತ ಸುತ್ತತೊಡಗಿದರು. ವೇದಿಕೆಯ ಮೇಲೆ ಅಲುಗದ ನಾಲ್ವರು, ಸುತ್ತಲೂ ಬಿರುಗಾಳಿಯಂತೆ ನಾಲ್ವರು. ಮನುಷ್ಯ ಮತ್ತು ಯಂತ್ರ ಒಂದಾಗುವುದಕ್ಕೆ ಸೈಕಲ್ಲಿಗಿಂತ ಸರಳ ಉದಾಹರಣೆ ಇಲ್ಲ.

ಮೂರನೆಯದು 2018ರ ಜುಲೈ 20ರಂದು ಸ್ಟುಟ್‌ಗಾರ್ಟ್ ನಗರದ ಬಯಲಿನಲ್ಲಿ ನಡೆದದ್ದು. ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಜರ್ಮನ್ ಗಗನಯಾತ್ರಿ ಅಲೆಕ್ಸಾಂಡರ್ ಗೆರ್ಸ್ಟ್ ತೆರೆಯ ಮೇಲೆ ಕಾಣಿಸಿಕೊಂಡು ಸಭಿಕರಿಗೆ ವಂದಿಸಿದರು. ನಂತರ ಕೈಯಲ್ಲಿದ್ದ ಟ್ಯಾಬ್ಲೆಟ್ ಬಳಸಿ 'ಸ್ಪೇಸ್‌ಲ್ಯಾಬ್' ಹಾಡಿಗೆ ತಂಡದೊಂದಿಗೆ ದನಿಗೂಡಿಸಿದರು. 1978ರಲ್ಲಿ ಕಲ್ಪನೆಯಾಗಿದ್ದ ಹಾಡಿಗೆ 40 ವರ್ಷಗಳ ನಂತರ ಬಾಹ್ಯಾಕಾಶದಿಂದಲೇ ಪಕ್ಕವಾದ್ಯ ಸಿಕ್ಕಿತು.

ಕಛೇರಿಯ ಜೀವ ಬೆರಳಿನ ವೇಗದಲ್ಲಿ ಮಾತ್ರ ಇದೆ ಎಂದುಕೊಂಡವರಿಗೆ ಕ್ರಾಫ್ಟ್‌ವೆರ್ಕ್ ನಿರಾಶೆ ತಂದೀತು. ಈ ಸಂಜೆಯನ್ನು ಹೀಗೆ ನಡೆಸೋಣ ಎಂದು ತೀರ್ಮಾನಿಸಿದವರು ಅದರ ಹೊಣೆ ಹೊತ್ತು ನಮ್ಮೆದುರು ನಿಂತಿದ್ದಾರೆ, ತಪ್ಪಿದರೆ ಅವರೇ ತಲೆ ತಗ್ಗಿಸಬೇಕು ಎಂಬ ಅರಿವಿನಲ್ಲಿಯೂ ಜೀವವಿದೆ ಎನ್ನುವವರಿಗೆ ಇಲ್ಲಿ ನೋಡುವುದು ಬೇಕಾದಷ್ಟಿದೆ.

ಇನ್ನು ಎದುರಿಗೆ ಕೂತವರ ಪಾಲು. ಈ ಹಾಡುಗಳನ್ನು ಕೇಳಿ ಬೆಳೆದವರೇ ಮುಂದೆ ಹೊಸ ಸಂಗೀತ ಕಟ್ಟಿದರು. 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ಕ್ರಾಫ್ಟ್‌ವೆರ್ಕ್‌ನ ರೈಲಿನ ರಾಗವನ್ನೂ ಇನ್ನೊಂದು ಹಾಡಿನ ಲಯವನ್ನೂ ಬೆಸೆದು 'ಪ್ಲಾನೆಟ್ ರಾಕ್' ಮಾಡಿದರು. ಡೆಟ್ರಾಯ್ಟ್‌ನ ಕಪ್ಪು ಯುವಕರು ಮುಚ್ಚುತ್ತಿದ್ದ ಕಾರು ಕಾರ್ಖಾನೆಗಳ ಊರಿನಲ್ಲಿ 'ಟೆಕ್ನೊ' ಕಟ್ಟಿದರು. 2012ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ದಿನಕ್ಕೊಂದು ಧ್ವನಿಮುದ್ರಿಕೆಯಂತೆ ಎಂಟು ರಾತ್ರಿ ಕಛೇರಿ ನಡೆಯಿತು. 2013ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಇದೇ ಮಾದರಿಯ ಕಛೇರಿ ಘೋಷಣೆಯಾದಾಗ ಟಿಕೆಟಿಗಾಗಿ ಮುಗಿಬಿದ್ದವರ ಭಾರಕ್ಕೆ ಟಿಕೆಟ್ ವ್ಯವಸ್ಥೆಯೇ ಕುಸಿದುಬಿತ್ತು. ಟೇಟ್ ಮಾಡರ್ನ್ ಇರುವುದು ಹಿಂದೆ ವಿದ್ಯುತ್ ಸ್ಥಾವರವಾಗಿದ್ದ ಕಟ್ಟಡದಲ್ಲಿ. 'ವಿದ್ಯುತ್ ಸ್ಥಾವರ' ಎಂಬ ಹೆಸರಿನ ತಂಡ ಅದರ ಟರ್ಬೈನ್ ಸಭಾಂಗಣದಲ್ಲೇ ನಿಂತು ಹಾಡಿತು.

ಕೊನೆಯ ನಮಸ್ಕಾರ

ಫ್ಲ್ಯೂರ್ ಮತ್ತು ಬಾರ್ಟೋಸ್ 1990ರ ವೇಳೆಗೇ ತಂಡ ಬಿಟ್ಟಿದ್ದರು. 2008ರ ನಂತರ ಷ್ನೈಡರ್ ಕೂಡ ವೇದಿಕೆಯಲ್ಲಿ ಕಾಣಲಿಲ್ಲ. 2020ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಮೊದಲಿನವರಲ್ಲಿ ಉಳಿದವರು 1946ರಲ್ಲಿ ಹುಟ್ಟಿದ ಹ್ಯುಟ್ಟರ್ ಒಬ್ಬರೇ. 'ಆಟೋಬಾನ್'ಗೆ 50 ತುಂಬಿದ ಸಂದರ್ಭದ ಅಮೆರಿಕ ಪ್ರವಾಸದಲ್ಲಿ, 2025ರಲ್ಲೂ ಅವರು ಅದೇ ಎಡಬದಿಯ ಮೇಜಿನ ಹಿಂದೆ ನಿಂತು ಹಾಡಿದರು. ಹೊಸಬರು ಅದೇ ಉಡುಪು ತೊಟ್ಟು ಅದೇ ಮೇಜುಗಳ ಹಿಂದೆ ನಿಲ್ಲುವುದನ್ನು ನೋಡಿದರೆ, ಯಂತ್ರದ ಬಿಡಿಭಾಗಗಳನ್ನು ಬದಲಿಸಿದ ಹಾಗೆ ಮನುಷ್ಯರನ್ನೂ ಬದಲಿಸಬಹುದೇ ಎಂಬ ಶಂಕೆ ಬರುವುದು ಸಹಜ. ಆ ಶಂಕೆಗೆ ಉತ್ತರ ಕಛೇರಿಯ ಕೊನೆಯ ಹಾಡಿನಲ್ಲಿದೆ.

'ಮ್ಯೂಸಿಕ್ ನಾನ್‌ಸ್ಟಾಪ್' ಅದರ ಹೆಸರು. ನಿಲ್ಲದ ಸಂಗೀತ ಎಂದು ಅರ್ಥ. ಹಾಡು ನಡೆಯುತ್ತಿರುವಾಗಲೇ ಬಲತುದಿಯ ವಾದಕ ತನ್ನ ಪಾಲಿನ ಪುಟ್ಟ ತನಿಯನ್ನು ನುಡಿಸುತ್ತಾನೆ. ಅದುವರೆಗೂ ಗೊಂಬೆಯಂತಿದ್ದವನು ಮೇಜು ಬಿಟ್ಟು ವೇದಿಕೆಯ ಅಂಚಿಗೆ ನಡೆದು ಬಂದು, ಬಾಗಿ ನಮಸ್ಕರಿಸಿ ಹೊರಟುಹೋಗುತ್ತಾನೆ. ಆಮೇಲೆ ಎರಡನೆಯವನು. ಆಮೇಲೆ ಮೂರನೆಯವನು. ಒಬ್ಬೊಬ್ಬರು ಹೋದಂತೆ ಒಂದೊಂದು ಮೇಜು ಬರಿದಾಗುತ್ತದೆ. ಅವರ ಪಾಲಿನ ನಾದವೂ ಇಲ್ಲವಾದದ್ದನ್ನು ಕಿವಿ ಗುರುತಿಸುತ್ತದೆ. ಗುಮಾಸ್ತನಂತೆ ನಿಂತಿದ್ದವನು ಏನು ಮಾಡುತ್ತಿದ್ದ ಎಂಬುದು ಅವನು ಹೋದ ಮೇಲೆ ತಿಳಿಯುತ್ತದೆ.

ಕೊನೆಗೆ ಉಳಿಯುವವರು ಹ್ಯುಟ್ಟರ್. ಅವರೂ ಒಂದಿಷ್ಟು ನುಡಿಸಿ, ಶುಭರಾತ್ರಿ ಹೇಳಿ, ಎದೆಯ ಮೇಲೆ ಕೈಯಿಟ್ಟು ಬಾಗಿ ಸರಿದುಹೋಗುತ್ತಾರೆ. ಖಾಲಿ ವೇದಿಕೆಯಲ್ಲಿ ಯಂತ್ರ ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತದೆ. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಅವರ ಕಣ್ಣು ಯಂತ್ರದ ಕಡೆಗಿರುವುದಿಲ್ಲ. ಆ ಮನುಷ್ಯ ಹೊರಟುಹೋದ ಬದಿಯನ್ನೇ ನೋಡುತ್ತಿರುತ್ತದೆ.

ಸಹೋದ್ಯೋಗಿಗೆ ಆ ಕೊನೆಯ ಹತ್ತು ನಿಮಿಷವನ್ನು ತೋರಿಸಿದೆ. ಮುಗಿಯುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಬೆಂಗಳೂರಿಗೆ ಯಾವಾಗ ಬರ್ತಾರಂತೆ?" ಎಂದರು.